ಗಾಡಿ ಸಂಖ್ಯೆ

ನನ್ನ ಮಗ ಅರ್ಥ ಇಟ್ಟುಕೊಂಡು ಆಡಿದ ಮೊದಲ ಮಾತು "ಗಾಡಿ ಸಂಖ್ಯೆ". ರೈಲ್ವೆ ಸ್ಟೇಷನ್‌ನಲ್ಲಿ ಮೈಕಿನಲ್ಲಿ ಹೇಳುತ್ತಾರಲ್ಲ, ಅದೇ. ಆಗ ಅವನಿಗೆ 5 ವರ್ಷ ತುಂಬಿತ್ತು. ಆ ಮಾತು ಹೇಗೆ ಬಂತು, ಅದಕ್ಕೆ ಮುಂಚೆ ಏನೇನಾಯಿತು, ಆ ಖುಷಿಯನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು ಅಂತ ಗೊತ್ತಾಗದೆ ಆ ದಿನ ಮನೆಯೊಳಗೆ ಹೇಗೆ ಸುತ್ತಾಡಿದೆ ಅನ್ನೋದನ್ನೆಲ್ಲ ಬರೆಯಬೇಕು ಅಂತ ತುಂಬ ದಿನದಿಂದ ಅಂದುಕೊಳ್ಳುತ್ತಿದ್ದೆ.

ನಮ್ಮದು ಕೆ.ಆರ್. ನಗರ. ನಮ್ಮ ಯಜಮಾನರು ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಾರೆ. ಪುಟ್ಟ ಹುಟ್ಟಿದ್ದು 2015ರಲ್ಲಿ. ಮನೆಯಲ್ಲಿ ಎಲ್ಲರೂ ಅವನನ್ನು ಪುಟ್ಟ ಅಂತಲೇ ಕರೆಯೋದು, ಇಲ್ಲೂ ಹಾಗೇ ಬರೆಯುತ್ತೇನೆ. ಕೂತಿದ್ದು, ನಿಂತಿದ್ದು, ನಡೆದಿದ್ದು ಎಲ್ಲ ಸರಿಯಾದ ಹೊತ್ತಿಗೇ ಆಯಿತು. ಒಂದೂವರೆ ವರ್ಷದ ಹೊತ್ತಿಗೆ ನನಗೆ ಏನೋ ಕಸಿವಿಸಿ ಶುರುವಾಯಿತು. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಏನಾದರೂ ಬೇಕಾದರೆ ಬೆರಳು ಮಾಡಿ ತೋರಿಸುತ್ತಿರಲಿಲ್ಲ, ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಬಿಸ್ಕತ್ ಡಬ್ಬದ ಮೇಲೆ ನನ್ನ ಕೈ ಇಡುತ್ತಿದ್ದ. ಆಟದ ಕಾರನ್ನು ಓಡಿಸುತ್ತಿರಲಿಲ್ಲ, ಮಗುಚಿ ಹಾಕಿ ಅದರ ಚಕ್ರವನ್ನು ತಿರುಗಿಸುತ್ತಾ ಗಂಟೆಗಟ್ಟಲೆ ಕೂರುತ್ತಿದ್ದ.

ಎಲ್ಲರೂ ಸಮಾಧಾನ ಹೇಳಿದರು. ಗಂಡುಮಕ್ಕಳಿಗೆ ಮಾತು ನಿಧಾನ, ಅವರ ಅಪ್ಪನೂ ಹೀಗೇ ಇದ್ದ, ಒಂದು ಸಲ ಶುರು ಮಾಡಿದರೆ ನಿಲ್ಲಿಸೋಕಾಗಲ್ಲ ನೋಡ್ತಿರು. ನಮ್ಮ ಅತ್ತೆ ದಿನಾ ಬೆಳಗ್ಗೆ ಬಜೆ ತೇದು ಜೇನಿನಲ್ಲಿ ಕಲಸಿ ಅವನ ನಾಲಿಗೆಗೆ ಹಚ್ಚುತ್ತಿದ್ದರು. ಚುಂಚನಕಟ್ಟೆಗೆ ಕರೆದುಕೊಂಡು ಹೋಗಿ ಹರಕೆ ಕಟ್ಟಿಕೊಂಡರು. ಅಲ್ಲಿ ಕಾವೇರಿ ಧುಮುಕುವ ಸದ್ದಿಗೆ ಪುಟ್ಟ ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ರಾಮನ ಗುಡಿಯ ಗರ್ಭಗುಡಿಯಲ್ಲಿ ಆ ಸದ್ದು ಕೇಳಿಸಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ಗುಡಿಯೊಳಗೆ ಹೋಗಿ ನಿಂತ ಮೇಲೆ ಅವನು ಮೆಲ್ಲಗೆ ಕಿವಿಯಿಂದ ಕೈ ತೆಗೆದ. ಅತ್ತೆ ಅದನ್ನು ರಾಮ ಕೊಟ್ಟ ಒಳ್ಳೆ ಸೂಚನೆ ಅಂದರು. ಆ ಮಾತನ್ನು ನಾನೂ ಗಟ್ಟಿಯಾಗಿ ಹಿಡಿದುಕೊಂಡೆ. ಅವತ್ತು ನನಗೆ ಹಿಡಿದುಕೊಳ್ಳೋಕೆ ಏನಾದರೂ ಬೇಕಿತ್ತು.

2018ರಲ್ಲಿ, ಅವನಿಗೆ 3 ತುಂಬಿದ ಮೇಲೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮಾನಸಗಂಗೋತ್ರಿಯಲ್ಲಿದೆ, 1965ರಿಂದ ನಡೆಯುತ್ತಿದೆ. ಆಯಿಷ್ ಅಂದರೆ ಆಟೋದವರಿಗೂ ಗೊತ್ತು. ಮಾತು ಬಾರದ ಮಗುವಿಗೆ ಅಲ್ಲಿ ಮೊದಲು ಕಿವಿ ಪರೀಕ್ಷೆ ಮಾಡುತ್ತಾರೆ. ಬೇರಾ ಅಂತ ಒಂದು ಟೆಸ್ಟ್, ತಲೆಗೆ ವೈರ್ ಅಂಟಿಸಿ ಶಬ್ದ ಕೇಳಿಸಿ ನೋಡೋದು, ಮಗು ನಿದ್ದೆ ಮಾಡುತ್ತಿರಬೇಕು. ಅದಕ್ಕೆ ಹಿಂದಿನ ರಾತ್ರಿ ತುಂಬ ಹೊತ್ತು ಎಚ್ಚರವಾಗಿ ಇಟ್ಟುಕೊಳ್ಳಿ, ಬರುವಾಗ ದಾರಿಯಲ್ಲೂ ಮಲಗಿಸಬೇಡಿ ಅಂದರು. ಇಡೀ ರಾತ್ರಿ ನಾನು, ಇವರು ಸರದಿಯಲ್ಲಿ ಅವನನ್ನು ಎತ್ತಿಕೊಂಡು ಬೀದಿಯಲ್ಲಿ ಓಡಾಡಿದೆವು. ಬೆಳಗಿನ ಗಾಡಿಯಲ್ಲಿ ಅವನ ಕಣ್ಣು ಎಳೆದುಕೊಂಡು ಹೋಗುವಾಗ ಒದ್ದೆ ಬಟ್ಟೆಯಲ್ಲಿ ಮುಖ ಒರೆಸುತ್ತಾ ಕೂತಿದ್ದೆ, ಎದುರಿಗೆ ಕೂತ ಅಜ್ಜಿ "ಯಾಕಮ್ಮ ಪಾಪ ಮಗೂಗೆ ಹಿಂಸೆ ಕೊಡ್ತೀಯ" ಅಂದರು. ಉತ್ತರ ಹೇಳೋಕೆ ನನಗೆ ಮಾತು ಬರಲಿಲ್ಲ.

ಕಿವಿ ಸರಿಯಾಗಿತ್ತು. ಕೇಳಿಸುತ್ತದೆ ಅಂದಾಗ ಖುಷಿಪಟ್ಟೆ. ಹೊರಗೆ ಬಂದು ಕೂತ ಮೇಲೆ ಹೊಟ್ಟೆಯೊಳಗೆ ತಣ್ಣಗಾಯಿತು. ಕೇಳಿಸುತ್ತದೆ, ಹಾಗಾದರೆ ನಾನು ಕರೆದಾಗ ಯಾಕೆ ತಿರುಗಲ್ಲ?

ಆಮೇಲೆ ಎರಡು ಮೂರು ಸಲ ಕರೆಸಿ, ಅವನ ಜೊತೆ ಆಡಿ, ನಮ್ಮನ್ನು ನೂರೆಂಟು ಪ್ರಶ್ನೆ ಕೇಳಿ, ಕೊನೆಗೆ ಆಟಿಸಂ ಅಂದರು. ಕನ್ನಡದಲ್ಲಿ ಸ್ವಲೀನತೆ ಅಂತ ಬರೆಯುತ್ತಾರೆ. ಇದು ವಾಸಿಯಾಗೋ ಕಾಯಿಲೆ ಅಲ್ಲಮ್ಮ, ಅವನ ಮೆದುಳು ಕೆಲಸ ಮಾಡೋ ರೀತಿಯೇ ಬೇರೆ, ಕಲಿಸಬಹುದು, ಕಲೀತಾನೆ, ಆದರೆ ಎಷ್ಟು ಅಂತ ಈಗಲೇ ಹೇಳೋಕಾಗಲ್ಲ ಅಂದರು ಅಲ್ಲಿದ್ದ ಮೇಡಂ. ನಾನು ಕೇಳಿದ್ದು ಒಂದೇ. ನನ್ನನ್ನ ಅಮ್ಮ ಅಂತಾನಾ? ಅವರು ಸುಳ್ಳು ಹೇಳಲಿಲ್ಲ, ನನ್ನ ಕೈ ಮೇಲೆ ಕೈ ಇಟ್ಟರು. ಅವತ್ತು ಸುಳ್ಳು ಹೇಳದೆ ಇದ್ದದ್ದಕ್ಕೆ ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಸುದ್ದಿ ಗೊತ್ತಾದ ಮೊದಲ ತಿಂಗಳು ನಮ್ಮ ಮನೆ ತುಂಬ ಜನ. ತವರಿನವರು ಬಂದರು, ನಾದಿನಿ ಬಂದಳು, ಮಿಲ್‌ನವರು ಬಂದರು. ಹಣ್ಣು ತಂದರು, ಅತ್ತರು, ಗೊತ್ತಿದ್ದ ಡಾಕ್ಟರ ಹೆಸರು ಹೇಳಿದರು, ಜಾತಕ ತೋರಿಸಿ ಅಂದರು. ನಾನೂ ಅವರ ಜೊತೆ ಅತ್ತೆ. ಆಮೇಲೆ ಒಬ್ಬೊಬ್ಬರೇ ಕಮ್ಮಿಯಾದರು. ಅವರದೇನೂ ತಪ್ಪಿಲ್ಲ, ಅವರವರ ಮನೆ, ಅವರವರ ಮಕ್ಕಳು.

ನಾವೂ ಹೊರಗೆ ಹೋಗೋದು ಬಿಟ್ಟೆವು. ಮದುವೆಗೆ ಹೋದರೆ ವಾಲಗ ಶುರುವಾದ ತಕ್ಷಣ ಪುಟ್ಟ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳುತ್ತಿದ್ದ. ಒಂದು ಸಲ ಛತ್ರದ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಅವನನ್ನು ತಬ್ಬಿಕೊಂಡು ಕೂತಿದ್ದೆ, ಒಳಗೆ ನನ್ನ ತಮ್ಮನ ಧಾರೆ ನಡೆಯುತ್ತಿತ್ತು. ಸ್ವಂತ ತಮ್ಮನ ಧಾರೆ ನಾನು ನೋಡಲಿಲ್ಲ. ಅದಾದ ಮೇಲೆ ಯಾವ ಕಾರ್ಯ ಬಂದರೂ ಇವರೊಬ್ಬರೇ ಹೋಗಿ ಮುಯ್ಯಿ ಕೊಟ್ಟು ಊಟ ಮಾಡಿ ಬರೋದು, ಇಲ್ಲ ನಾನೊಬ್ಬಳೇ ಹೋಗೋದು. ಗಂಡ ಹೆಂಡತಿ ಜೋಡಿಯಾಗಿ ಒಂದು ಪಂಕ್ತಿಯಲ್ಲಿ ಕೂತು ಉಂಡು ಎಷ್ಟು ವರ್ಷವಾಯಿತೋ. ಮನೆಯಲ್ಲೂ ಕುಕ್ಕರ್ ಕೂಗಿದರೆ ಅವನಿಗೆ ಆಗುತ್ತಿರಲಿಲ್ಲ. ಕುಕ್ಕರ್ ಎತ್ತಿ ಅಟ್ಟಕ್ಕೆ ಇಟ್ಟೆ. ಅನ್ನ ಬಸಿದೇ ಮಾಡುತ್ತೇನೆ, ಇವತ್ತಿಗೂ.

ವಾರಕ್ಕೆ ಮೂರು ದಿನ ಆಯಿಷ್‌ನಲ್ಲಿ ಥೆರಪಿ. ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದರೆ ಸರಿಯಾಗುತ್ತಿತ್ತು. ಬಸ್ಸಿಗಿಂತ ರೈಲೇ ನಮಗೆ ಅನುಕೂಲ, ಯಾಕೆಂದರೆ ಬಸ್ಸಿನಲ್ಲಿ ಅವನು ಕೂರುತ್ತಿರಲಿಲ್ಲ, ರೈಲಿನಲ್ಲಿ ಕಿಟಕಿ ಸರಳು ಹಿಡಿದುಕೊಂಡು ಅಲುಗಾಡದೆ ಕೂರುತ್ತಿದ್ದ. ಸಾಗರಕಟ್ಟೆ ಹತ್ತಿರ ಗಾಡಿ ಹಿನ್ನೀರಿನ ಸೇತುವೆ ಮೇಲೆ ಹೋಗುತ್ತದೆ, ಎರಡೂ ಕಡೆ ನೀರೇ ನೀರು. ಚಕ್ರದ ಸದ್ದು ಬೇರೆ ಥರ ಆಗುತ್ತದೆ ಅಲ್ಲಿ. ಆ ಸದ್ದು ಬದಲಾದ ಕ್ಷಣ ಪುಟ್ಟ ನಗುತ್ತಿದ್ದ. ದಿನವಿಡೀ ನಗದ ಮಗು ಅಲ್ಲಿ ನಗುತ್ತಿದ್ದ. ಅವನ ಕಿವಿಗೆ ನೋವು ಕೊಡೋ ಸದ್ದು ಯಾವುದು ಅಂತ ಹುಡುಕುತ್ತಿದ್ದ ನನಗೆ, ಅವನಿಗೆ ಹಿತ ಕೊಡೋ ಸದ್ದೂ ಒಂದಿದೆ ಅಂತ ಆಗ ಗೊತ್ತಾಯಿತು. ಆಮೇಲೆ ಎಷ್ಟೋ ಸಲ, ಥೆರಪಿ ಇಲ್ಲದ ದಿನವೂ, ಸುಮ್ನೆ ಆ ಸೇತುವೆ ದಾಟೋಕೆ ಅಂತಲೇ ಟಿಕೆಟ್ ತೆಗೆದುಕೊಂಡು ಹೋಗಿ ಬಂದಿದ್ದೇವೆ.

ಅಲ್ಲಿ ಥೆರಪಿ ಕೋಣೆ ಹೊರಗಿನ ಬೆಂಚು. ಆ ಬೆಂಚಿನ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಕೊಳ್ಳೇಗಾಲದ ಒಬ್ಬರು, ಹಾಸನದ ಕಡೆಯವರೊಬ್ಬರು, ಮಡಿಕೇರಿಯಿಂದ ಬಂದು ಮೈಸೂರಿನಲ್ಲಿ ಒಂದು ರೂಮ್ ಮಾಡಿಕೊಂಡಿದ್ದವರು, ಕನ್ನಡವೇ ಬಾರದ ಕೇರಳದ ಒಬ್ಬ ಅಮ್ಮ. ಮೊದಲೆರಡು ವಾರ ನಾನು ಯಾರ ಮುಖವನ್ನೂ ನೋಡಲಿಲ್ಲ. ಒಂದು ದಿನ ಪುಟ್ಟ ಬೆಂಚಿನ ಪಕ್ಕದಲ್ಲಿ ಇಟ್ಟಿದ್ದ ಯಾರದೋ ಊಟದ ಡಬ್ಬಿ ಬೀಳಿಸಿದ. ಚಿತ್ರಾನ್ನ ಎಲ್ಲ ನೆಲದ ಮೇಲೆ. ನಾನು ಅಳುವ ಹಾಗಾಗಿ "ತಪ್ಪಾಯ್ತು ತಪ್ಪಾಯ್ತು" ಅನ್ನುತ್ತಿದ್ದರೆ, ಕೊಳ್ಳೇಗಾಲದ ಅಕ್ಕ ಬಗ್ಗಿ ಬಳಿಯುತ್ತಾ, "ಬುಡವ್ವ, ನನ್ ಮಗಳು ಹೋದ್ ವಾರ ನನ್ ಕನ್ನಡಕನೇ ಮುರುದಾಕಿದ್ಲು" ಅಂದರು. ಕ್ಷಮೆ ಕೇಳಬೇಕಾಗಿಲ್ಲದ ಜಾಗವೊಂದು ನನಗೆ ಅವತ್ತು ಸಿಕ್ಕಿತು.

ಆ ಬೆಂಚಿನಲ್ಲಿ ಕಲಿತಷ್ಟು ನಾನು ಬೇರೆಲ್ಲೂ ಕಲಿತಿಲ್ಲ. ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸೋದು ಹೇಗೆ, ನಿರಾಮಯ ಅನ್ನೋ ಆರೋಗ್ಯ ವಿಮೆ ಇದೆ, 1 ಲಕ್ಷದವರೆಗೆ ಬರುತ್ತದೆ, ಥೆರಪಿ ಖರ್ಚಿಗೂ ಕೇಳಬಹುದು, ಇದೆಲ್ಲ ಹೇಳಿದ್ದು ಅಲ್ಲಿಯ ಅಮ್ಮಂದಿರೇ. (ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ ಇವೆರಡನ್ನು ಇವತ್ತೇ ವಿಚಾರಿಸಿ, ಮುಂದಕ್ಕೆ ಹಾಕಬೇಡಿ.) ಕಾರ್ಡಿಗಾಗಿ ಒಂದು ಆಸ್ಪತ್ರೆಯ ಮೆಡಿಕಲ್ ಬೋರ್ಡಿನ ಮುಂದೆ ನಾಲ್ಕು ಸಲ ಹೋಗಿ ನಿಂತೆವು. ಒಂದು ಸಲ ಮಧ್ಯಾಹ್ನ 3 ಗಂಟೆವರೆಗೆ ಕಾಯಿಸಿ ಡಾಕ್ಟರ್ ಬಂದಿಲ್ಲ ಅಂದರು. ಆಟಿಸಂ ಇರುವ ಮಗುವನ್ನು ಗದ್ದಲದ ವರಾಂಡದಲ್ಲಿ 5 ಗಂಟೆ ಕೂರಿಸಿಕೊಳ್ಳೋದು ಅಂದರೆ ಏನು ಅಂತ ಆ ಕಿಟಕಿ ಹಿಂದೆ ಕೂತವರಿಗೆ ಗೊತ್ತಿರಬೇಕಿತ್ತು.

ಇನ್ನೊಂದು ಮಾತನ್ನು ಹೇಳಲೇಬೇಕು. ಆ ದಿನಗಳಲ್ಲಿ ಒಂದು ಕಡೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡುತ್ತೇವೆ, ಮಗು ಮಾತಾಡುತ್ತೆ, ಹಲವು ಲಕ್ಷ ಆಗುತ್ತೆ ಅಂದರು. ಇವರು ಸೈಟ್ ಮಾರೋಕೆ ತಯಾರಾದರು. ಮೇಡಂ ಹತ್ತಿರ ಕೇಳಿದರೆ, ಆಟಿಸಂಗೆ ಅದು ಕೆಲಸ ಮಾಡುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಮಾಡಿಸಬೇಡಿ ಅಂತ ಖಡಾಖಂಡಿತವಾಗಿ ಹೇಳಿದರು. ಸೈಟ್ ಉಳಿಯಿತು. ಆದರೆ ಆ ರಾತ್ರಿ ಇವರು ಗೋಡೆ ಕಡೆ ತಿರುಗಿ ಮಲಗಿ ಅತ್ತಿದ್ದು ನನಗೆ ಕೇಳಿಸಿತು. ಗಂಡಸರಿಗೆ ಆ ಬೆಂಚು ಕೂಡ ಇರಲ್ಲ ಅಲ್ವಾ. ಮಿಲ್‌ನಲ್ಲಿ ಯಾರಾದರೂ "ಮಗ ಸ್ಕೂಲಿಗೆ ಹೋಗ್ತಾನಾ" ಅಂತ ಕೇಳಿದರೆ ಹೂಂ ಅಂದು ಲೆಕ್ಕದ ಪುಸ್ತಕ ತೆರೆಯುತ್ತಾರಂತೆ.

ಥೆರಪಿಯಲ್ಲಿ ಚಿತ್ರದ ಕಾರ್ಡುಗಳಿಂದ ಶುರು ಮಾಡಿದರು. ನೀರಿನ ಲೋಟದ ಚಿತ್ರ ಇರುವ ಕಾರ್ಡ್ ನನ್ನ ಕೈಗೆ ಕೊಟ್ಟರೆ ನೀರು ಸಿಗುತ್ತದೆ, ಅಷ್ಟೇ. ಆ ಒಂದು ಕಾರ್ಡಿಗೆ ನಮಗೆ 4 ತಿಂಗಳು ಹಿಡಿಯಿತು. ಪ್ರತಿದಿನ ಅವನ ಕೈ ಹಿಡಿದು ಕಾರ್ಡ್ ಎತ್ತಿಸಿ ನನ್ನ ಕೈಗೆ ಇಡಿಸೋದು, ಹಿಂದಿನಿಂದ ಇವರು ಅವನ ಮೊಣಕೈ ಒತ್ತೋದು. ಆಮೇಲೆ ಒಂದು ಮಧ್ಯಾಹ್ನ ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ, ಅವನು ತಾನಾಗೇ ಬಂದು ಆ ಕಾರ್ಡನ್ನು ಸೊಪ್ಪಿನ ಮೇಲೆ ಇಟ್ಟ. ನಾನು ಕುಣಿದೆ. ನಿಜವಾಗಲೂ ಎದ್ದು ಕುಣಿದೆ. ತವರಿಗೆ ಫೋನ್ ಮಾಡಿ, ಪುಟ್ಟ ನೀರು ಕೇಳಿದ ಅಂದೆ. "ಓ, ಮಾತು ಬಂತಾ!" ಅಂದರು. ಇಲ್ಲ, ಕಾರ್ಡ್ ಕೊಟ್ಟ ಅಂದೆ. ಆ ಕಡೆ ಒಂದು ಕ್ಷಣ ಸುಮ್ಮನಾಗಿ, "ಆಯ್ತು ಬಿಡು, ಎಲ್ಲಾ ಸರಿ ಹೋಗುತ್ತೆ" ಅಂದರು.

ನನ್ನ ಒಂಟಿತನ ಎಲ್ಲಿದೆ ಅಂತ ಅವತ್ತು ನನಗೆ ಸರಿಯಾಗಿ ಕಂಡಿತು. ಅಳು ಬಂದಾಗ ಜನ ಸಿಗುತ್ತಾರೆ. ಕಷ್ಟ ಎಲ್ಲರಿಗೂ ಅರ್ಥವಾಗುತ್ತದೆ. ನನ್ನ ಸಂತೋಷ ಎಷ್ಟು ದೊಡ್ಡದು ಅಂತ ಅರ್ಥವಾಗುವವರು ಇರಲಿಲ್ಲ. ಬೇರೆ ಮಕ್ಕಳು ಮೊದಲ ಬಹುಮಾನ ತಂದಾಗ ಆಗುವ ಖುಷಿಗಿಂತ ಒಂದು ಚೂರೂ ಕಮ್ಮಿ ಇಲ್ಲದ ಖುಷಿ ನನ್ನದು, ಅದನ್ನು ಹೇಳಿದರೆ ಎದುರಿಗಿರುವವರು ಪಾಪ ಅನ್ನೋ ಮುಖ ಮಾಡುತ್ತಾರೆ. ಖುಷಿ ಹೇಳೋಕೆ ಹೋಗಿ ಸಮಾಧಾನ ಹೇಳಿಸಿಕೊಂಡು ಬರೋದು ತುಂಬ ನೋವು ಕೊಡುತ್ತದೆ.

ಮರುದಿನ ಬೆಂಚಿನಲ್ಲಿ ಹೇಳಿದೆ. ಕಾರ್ಡ್ ಕೊಟ್ಟ ಅಂದೆ ಅಷ್ಟೇ. ಮಡಿಕೇರಿಯವರು ಚಪ್ಪಾಳೆ ತಟ್ಟಿದರು, ಕೇರಳದ ಅಮ್ಮ ಭಾಷೆ ಗೊತ್ತಿಲ್ಲದಿದ್ದರೂ ಕಾರ್ಡ್ ನೋಡಿ ಅರ್ಥ ಮಾಡಿಕೊಂಡು ನನ್ನ ಗಲ್ಲ ಸವರಿದರು. ಕೊಳ್ಳೇಗಾಲದ ಅಕ್ಕ ಪುಟ್ಟನಿಗೆ ದೃಷ್ಟಿ ತೆಗೆದರು.

ಆಮೇಲೆ 2020ರ ಮಾರ್ಚ್ ಬಂತು. ಲಾಕ್‌ಡೌನ್. ಥೆರಪಿ ನಿಂತಿತು, ಬೆಂಚು ಹೋಯಿತು, ಎಲ್ಲಕ್ಕಿಂತ ಜಾಸ್ತಿ, ರೈಲು ನಿಂತಿತು. ದೇಶದಲ್ಲಿ ಯಾವ ಪ್ಯಾಸೆಂಜರ್ ಗಾಡಿಯೂ ಓಡುತ್ತಿಲ್ಲ ಅನ್ನೋದನ್ನು 5 ವರ್ಷದ ಪುಟ್ಟನಿಗೆ ಯಾವ ಕಾರ್ಡ್ ತೋರಿಸಿ ಹೇಳಲಿ? ಬೆಳಗ್ಗೆ ಎದ್ದ ತಕ್ಷಣ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಬಾಗಿಲು ತೆಗೆಯದಿದ್ದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ, ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು ಈಗಲೂ ಇದೆ. ರಾತ್ರಿ ನಿದ್ದೆ ಇಲ್ಲ. ಮೇಡಂ ವಿಡಿಯೋ ಕರೆಯಲ್ಲಿ, ದಿನದ ಕೆಲಸಗಳನ್ನು ಚಿತ್ರದಲ್ಲಿ ಸಾಲಾಗಿ ಗೋಡೆಗೆ ಅಂಟಿಸಿ, ಮುಂದೆ ಏನು ಅಂತ ಅವನಿಗೆ ಗೊತ್ತಾಗಲಿ ಅಂದರು. ಇವರು ಹಳೆ ಕ್ಯಾಲೆಂಡರ್‌ನ ಹಿಂದೆ ಬರೆದು ಅಂಟಿಸಿದರು. ಹಲ್ಲುಜ್ಜೋದು, ತಿಂಡಿ, ಸ್ನಾನ, ಆಟ. ರೈಲಿನ ಚಿತ್ರ ಬರೆದು ಅದರ ಮೇಲೆ ದೊಡ್ಡದಾಗಿ ಕೆಂಪು ಗೆರೆ ಎಳೆದಿದ್ದರು. ಪುಟ್ಟ ಆ ಚಿತ್ರವನ್ನೇ ಸವರುತ್ತಾ ನಿಲ್ಲುತ್ತಿದ್ದ.

ಅದಕ್ಕೂ ಮುಂಚೆಯೇ ಅವನು ಒಂದೊಂದು ಸಲ ತನ್ನಷ್ಟಕ್ಕೆ ಸ್ಟೇಷನ್ ಮೈಕಿನ ರಾಗದಲ್ಲಿ ಏನೋ ಗುನುಗುತ್ತಿದ್ದ. ಪದ ಇರಲಿಲ್ಲ, ಬರೀ ಧಾಟಿ. ಮೇ ತಿಂಗಳ ಒಂದು ಬೆಳಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ಬಂದ. ನಾನು ಹೊಸ್ತಿಲು ತೊಳೆಯುತ್ತಿದ್ದೆ. ನನ್ನ ಕೈ ಹಿಡಿದು ಎಳೆಯಲಿಲ್ಲ, ಕಚ್ಚಿಕೊಳ್ಳಲಿಲ್ಲ. ನನ್ನ ಮುಖ ನೋಡಿದ. ನನ್ನ ಕಣ್ಣನ್ನೇ ನೋಡಿ, ಮೈಕಿನ ಹೆಂಗಸು ಹೇಳುವ ಹಾಗೇ ಎಳೆದು, "ಗಾಡಿ ಸಂಖ್ಯೆ" ಅಂದ.

ನಾನು ನೆಲದ ಮೇಲೆ ಕೂತುಬಿಟ್ಟೆ. ಅವನು ಇನ್ನೊಂದು ಸಲ ಅಂದ. ಗಾಡಿ ಸಂಖ್ಯೆ. ಹೊರಗೆ ಹೋಗಬೇಕು, ರೈಲಿಗೆ ಹೋಗಬೇಕು, ಕರೆದುಕೊಂಡು ಹೋಗು, ಎಲ್ಲ ಅದರಲ್ಲಿತ್ತು. ಮಕ್ಕಳು ಹೀಗೆ ಕೇಳಿದ ಇಡೀ ತುಂಡನ್ನೇ ಎತ್ತಿಕೊಂಡು ಮಾತು ಮಾಡಿಕೊಳ್ಳುತ್ತಾರೆ, ಅದನ್ನು ತಿದ್ದಬೇಡಿ, ಅರ್ಥ ಹಿಡಿದು ಉತ್ತರ ಕೊಡಿ ಅಂತ ಮೇಡಂ ಹೇಳಿದ್ದು ನೆನಪಿತ್ತು. ಅದಕ್ಕೆ ನಾನೂ ಅದೇ ಧಾಟಿಯಲ್ಲಿ "ಗಾಡಿ ಸಂಖ್ಯೆ" ಅಂದು ಬಾಗಿಲು ತೆಗೆದೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಇಬ್ಬರೂ ಖಾಲಿ ಬೀದಿಯಲ್ಲಿ ರೈಲ್ವೆ ಹಳಿ ಕಾಣುವ ತನಕ ನಡೆದೆವು. ಗಾಡಿ ಬರಲಿಲ್ಲ. ಹಳಿ ನೋಡಿಕೊಂಡು ಸುಮ್ಮನೆ ನಿಂತಿದ್ದು, ಅಳದೆ ಮನೆಗೆ ಬಂದ.

ಅವತ್ತೇ ನಾನು ಮನೆಯೊಳಗೆ ಫೋನ್ ಹಿಡಿದುಕೊಂಡು ಸುತ್ತಾಡಿದ್ದು. ಇವರು ಮಿಲ್‌ನಲ್ಲಿ, ಫೋನ್ ಎತ್ತಲಿಲ್ಲ. ತವರಿಗೆ ಮಾಡೋಣ ಅಂತ ನಂಬರ್ ಒತ್ತಿ ಮತ್ತೆ ಅಳಿಸಿದೆ. ಮಗ 5 ವರ್ಷಕ್ಕೆ ಗಾಡಿ ಸಂಖ್ಯೆ ಅಂದ ಅಂದರೆ ಏನು ಅಂದುಕೊಳ್ಳುತ್ತಾರೆ? ಕೊನೆಗೆ ಕೊಳ್ಳೇಗಾಲದ ಅಕ್ಕನಿಗೆ ಮಾಡಿದೆ. ಹೇಳಿದೆ. ಅವರು ಏನೂ ಕೇಳಲಿಲ್ಲ, ಜೋರಾಗಿ ಅಳೋಕೆ ಶುರು ಮಾಡಿದರು. ಅವರ ಮಗಳಿಗೆ 8 ವರ್ಷ, ಒಂದು ಮಾತೂ ಇಲ್ಲ. ಆದರೂ ನನ್ನ ಮಗನ ಮಾತಿಗೆ ಅವರು ಅಷ್ಟು ಅತ್ತರು. ಆಮೇಲೆ ಮೂಗು ಒರೆಸಿಕೊಂಡು, "ಇವತ್ತು ಪಾಯಸ ಮಾಡವ್ವ, ನಾನೂ ಮಾಡ್ತೀನಿ" ಅಂದರು. ಶಾವಿಗೆ ಇರಲಿಲ್ಲ, ಅಂಗಡಿ ಮುಚ್ಚಿತ್ತು, ಅಕ್ಕಿ ಪಾಯಸ ಮಾಡಿದೆ. ಪುಟ್ಟ ತಿನ್ನಲಿಲ್ಲ. ಅವನಿಗೆ ಮೊಸರನ್ನ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ ಆಗ.

ಶಾಲೆಯ ಕಥೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. ಒಂದು ಖಾಸಗಿ ಶಾಲೆಯವರು ಬೇರೆ ಪೋಷಕರು ಒಪ್ಪಲ್ಲ ಅಂದರು. ಇನ್ನೊಂದರಲ್ಲಿ ಫೀಸು ತೆಗೆದುಕೊಂಡು ಎರಡು ತಿಂಗಳಿಗೆ ವಾಪಸ್ ಕಳಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ 6ರಿಂದ 18 ವರ್ಷದವರೆಗೆ ಇಂಥ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ ಅಂತ ಗೊತ್ತಿದ್ದರೂ, ಬೇಡ ಅನ್ನುವವರ ಮನೆ ಬಾಗಿಲಲ್ಲಿ ಮಗುವನ್ನು ಬಿಟ್ಟು ಬರೋಕೆ ನನಗೆ ಮನಸ್ಸಾಗಲಿಲ್ಲ. ಕೊನೆಗೆ ನಮ್ಮ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಶಾಲೆಗೆ ಹೋದೆ. ಟೀಚರ್ ನೇರವಾಗಿ ಹೇಳಿದರು, "ನೋಡಮ್ಮ, ಇಂಥ ಮಕ್ಕಳಿಗೆ ಹೇಗೆ ಹೇಳಿಕೊಡಬೇಕು ಅಂತ ನನಗೆ ಗೊತ್ತಿಲ್ಲ, ನೀನು ಹೇಳಿಕೊಟ್ರೆ ಕಲೀತೀನಿ." ನನಗೆ ಅಷ್ಟು ಸಾಕಿತ್ತು. ಮೊದಲ ವರ್ಷ ನಾನು ಅವನ ಪಕ್ಕದಲ್ಲೇ ಕೂರುತ್ತಿದ್ದೆ. ಆಮೇಲೆ ವರಾಂಡಕ್ಕೆ ಬಂದೆ. ಆಮೇಲೆ ಗೇಟಿನ ಹೊರಗೆ. ಈಗ ಮಧ್ಯಾಹ್ನದವರೆಗೆ ಬಿಟ್ಟು ಮನೆಗೆ ಬರುತ್ತೇನೆ.

ಅವನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ಹೆಸರು ಬರೆಯಲ್ಲ. ಅವನ ಪಕ್ಕ ಕೂರು ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ಬೆಲ್ ಹೊಡೆದಾಗ ಪುಟ್ಟ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗುತ್ತಿದ್ದ. ಇವಳು ಬಗ್ಗಿ, ಮೈಕಿನ ಧಾಟಿಯಲ್ಲೇ "ಗಾಡಿ ಸಂಖ್ಯೆ" ಅಂತ ಕರೆಯುತ್ತಾಳೆ, ಅವನು ಎದ್ದು ಅವಳ ಹಿಂದೆ ಹೊರಗೆ ಬರುತ್ತಾನೆ. ನಾನು ಅವಳಿಗೆ ಹೇಳಿಕೊಟ್ಟಿಲ್ಲ. ಅವನು ಹೊರಗೆ ಹೋಗುವಾಗ ಹಾಗನ್ನೋದನ್ನು ಕೇಳಿ ಕೇಳಿ ತಾನೇ ಅರ್ಥ ಮಾಡಿಕೊಂಡಿದ್ದಾಳೆ. ಅವನಿಗೆ ಈಗ ಬೇರೆ ಪದಗಳೂ ಇವೆ, ನೀರು, ಸಾಕು, ಮನೆ, ಬೇಡ. ಅಮ್ಮ ಅನ್ನೋದು ಎರಡು ಸಲ ಬಂದಿದೆ, ಎರಡೂ ಸಲ ಜ್ವರ ಬಂದಾಗ.

ಮುಂದಿನದ್ದರ ಚಿಂತೆ ಇಲ್ಲ ಅಂತಲ್ಲ. ರಾತ್ರಿ ಎಚ್ಚರವಾದಾಗ ನಾವಾದ ಮೇಲೆ ಇವನ ಗತಿ ಏನು ಅನ್ನೋದೇ ಮೊದಲು ತಲೆಗೆ ಬರೋದು. 18 ತುಂಬಿದ ಮೇಲೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಪಾಲಕರನ್ನು ನೇಮಿಸೋಕೆ ದಾರಿ ಇದೆ, ಡಿಸಿ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು. ಕಾಗದದಲ್ಲಿ ಪಾಲಕರು ಸಿಗುತ್ತಾರೆ. ಅವನಿಗೆ ಸೇತುವೆ ಸದ್ದು ಇಷ್ಟ ಅಂತ ಅವರಿಗೂ ನಾನು ಹೇಳಿಕೊಡಬೇಕು. ಒಂದು ನೋಟ್ ಪುಸ್ತಕದಲ್ಲಿ ಎಲ್ಲ ಬರೆದಿಡುತ್ತಿದ್ದೇನೆ, ಯಾವ ಸದ್ದು ಆಗಲ್ಲ, ಯಾವ ಮಾತಿಗೆ ಯಾವ ಅರ್ಥ, ಹೊಟ್ಟೆ ನೋವಾದರೆ ಹೇಗೆ ಗೊತ್ತಾಗುತ್ತದೆ. ಈಗ 60 ಪುಟ ಆಗಿದೆ.

ಹೋದ ತಿಂಗಳು ಒಂದು ದಿನ ಅವನನ್ನು ಕರೆತರೋಕೆ ಹೊರಟು ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಆ ಹುಡುಗಿ ಬೀದಿಯ ಆ ತುದಿಯಿಂದ ಓಡಿ ಬಂದಳು. ನನಗೆ ಎದೆ ಧಸಕ್ಕೆಂದಿತು, ಬಿದ್ದನೋ ಏನೋ ಅಂತ. ಅವಳಿಗೆ ಏದುಸಿರು. ಕೈಯಲ್ಲಿ ಅರ್ಧ ಬಾಳೆಹಣ್ಣು. ಬಿಸಿಯೂಟದ ಜೊತೆ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ, ಪುಟ್ಟನಿಗೆ ಮೊಟ್ಟೆ ವಾಸನೆ ಆಗದು. ತನ್ನ ತಟ್ಟೆಯಿಂದ ಒಂದು ಅಗುಳನ್ನೂ ಅವನು ಇವತ್ತಿನವರೆಗೆ ಯಾರಿಗೂ ಕೊಟ್ಟವನಲ್ಲ, ಯಾರಾದರೂ ಮುಟ್ಟಿದರೆ ಇಡೀ ತಟ್ಟೆ ತಳ್ಳಿಬಿಡುತ್ತಾನೆ.

"ಆಂಟಿ, ಆಂಟಿ, ಅವನೇ ಮುರಿದ. ನಾನು ಕೇಳಲೇ ಇಲ್ಲ. ಅವನೇ ಮುರಿದು ನನ್ನ ತಟ್ಟೆಗೆ ಇಟ್ಟ! ನಿಮಗೆ ತೋರಿಸೋಣ ಅಂತ ನಾನು ತಿಂದೇ ಇಲ್ಲ."

ಹಣ್ಣು ಅವಳ ಬೆರಳಿನ ಬಿಸಿಗೆ ಕಪ್ಪಾಗಿತ್ತು. ತಿನ್ನು ಕಂದ, ನಿನಗೆ ಅಂತಲೇ ಕೊಟ್ಟಿದ್ದಾನೆ ಅಂದೆ. ಅಲ್ಲೇ ಜಗಲಿ ಮೇಲೆ ಕೂತು ತಿಂದಳು. ಅವಳು ತಿನ್ನುವಾಗ ನಾನು ಕೊಳ್ಳೇಗಾಲಕ್ಕೆ ಫೋನ್ ಹಚ್ಚಿದೆ, ಮೊದಲ ರಿಂಗಿಗೇ ಎತ್ತಿದರು. ನಾನು ಹೇಳಲಿಲ್ಲ, ಫೋನನ್ನು ಹುಡುಗಿಯ ಕೈಗೆ ಕೊಟ್ಟು, ನೀನೇ ಹೇಳು ಅಂದೆ.